ತಿಪ್ಪೇಶನ ಬಲಗೈ

ಆ ಫೋನಿಗೆ ಕಂಪನಿಯವರು ಇಟ್ಟ ಹೆಸರು ಬಳ್ಳಾರಿ ಸೀಮೆಯಲ್ಲಿ ಯಾರ ನಾಲಿಗೆಗೂ ಹೊರಳಲಿಲ್ಲ. ದಪ್ಪಗೆ, ಭಾರವಾಗಿ, ಎರಡು ದಿನ ಚಾರ್ಜಿಗೆ ಹಾಕದಿದ್ದರೂ ಜಗ್ಗದೆ ಇರುತ್ತಿದ್ದ ಅದನ್ನು ಜನ ಗೂಳಿ ಫೋನು ಎಂದೇ ಕರೆದರು. ಕೊನೆಗೆ ಅಂಗಡಿಯವರೂ ಹಾಗೇ ಕರೆಯತೊಡಗಿದರು. ಗದ್ದೆಯವರು ಅದರ ಬ್ಯಾಟರಿ ಮೆಚ್ಚಿದರು, ಟ್ರ್ಯಾಕ್ಟರ್ ಓಡಿಸುವವರು ಅದರ ಸ್ಪೀಕರು ಮೆಚ್ಚಿದರು. ಶೀಲಾ ಮೆಚ್ಚಿದ್ದು ಬೇರೆಯೇ ಕಾರಣಕ್ಕೆ.

ಶೀಲಾಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಅವಳ ಗಂಡ ತಿಪ್ಪೇಶನಿಗೂ ಅಷ್ಟೇ. ಅವಳು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಜಿಪ್ ಕೂರಿಸುವ ಮಿಷನ್ನಿನ ಮೇಲಿದ್ದಳು, ಅವನು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿದ್ದ. ಗಿರಣಿಯ ಹಿಂದಿನ ಕೋಣೆಯಲ್ಲೇ ಅವನ ವಾಸ. ಭಾನುವಾರ ಬಸ್ಸು ಹತ್ತಿ ಬರುತ್ತಿದ್ದ, ಸೋಮವಾರ ಬೆಳಿಗ್ಗೆ ಹೋಗಿಬಿಡುತ್ತಿದ್ದ. ಉಳಿದ ದಿನಗಳ ಸಂಸಾರವೆಲ್ಲ ಫೋನಿನಲ್ಲಿ.

ಗೂಳಿಯ ಬೆನ್ನಿಗೆ ಒಂದು ಸಣ್ಣ ಕಾಲಿತ್ತು. ಬಿಡಿಸಿ ಇಟ್ಟರೆ ತಾನೇ ನಿಲ್ಲುತ್ತಿತ್ತು, ಎರಡೂ ಕೈ ಮಾತಿಗೆ ಬಿಡುವಾಗುತ್ತಿದ್ದವು. ಅದರ ಕ್ಯಾಮೆರಾ ಅಗಲವಾಗಿ ಮುಖದಿಂದ ಸೊಂಟದ ತನಕ ಹಿಡಿಯುತ್ತಿತ್ತು. ಕರೆಂಟು ಹೋದರೆ ಮುಂದುಗಡೆಯ ದೀಪದಲ್ಲೇ ಬೆರಳುಗಳು ಕಾಣುತ್ತಿದ್ದವು. ಕರೆ ಬಂದರೆ ಅದರ ಇಡೀ ಬೆನ್ನೇ ಮಿಂಚುತ್ತಿತ್ತು, ಅಡುಗೆ ಕಟ್ಟೆಯ ಹತ್ತಿರ ನಿಂತಿದ್ದರೂ ಗೋಡೆಯ ಮೇಲೆ ಆ ಬೆಳಕು ಬಿದ್ದು ಗೊತ್ತಾಗುತ್ತಿತ್ತು. ಕಿವಿ ಕೇಳದವರಿಗೆಂದು ಯಾರೂ ಅದನ್ನು ಮಾಡಿದ್ದಲ್ಲ. ಆದರೆ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಿವಿ ಕೇಳದವರೆಲ್ಲ ಒಬ್ಬರ ಕೈಯಲ್ಲಿ ನೋಡಿ ಇನ್ನೊಬ್ಬರು ಅದನ್ನೇ ಕೊಂಡರು. ಅವರದೊಂದು ಗುಂಪೂ ಆಯಿತು, ಅದರಲ್ಲಿ ದಿನವೂ ಕೈಮಾತಿನ ವಿಡಿಯೋಗಳು ಹರಿದಾಡುತ್ತಿದ್ದವು. ಅವರು ಕೈಯಲ್ಲಿ ಆಡಿದ್ದನ್ನು ಅವರ ಊರಿನವರು ಬಾಯಲ್ಲಿ ಆಡುವ ಹಾಗೆಯೇ ಇಲ್ಲಿ ಇಳಿಸಿದೆ.

ಅದೊಂದು ಹದಿನೈದು ದಿನದಿಂದ ಶೀಲಾಳ ಫೋನು ಗುರುತಿಲ್ಲದ ನಂಬರಿನಿಂದ ಮೇಲಿಂದ ಮೇಲೆ ಮಿಂಚುತ್ತಿತ್ತು. ಪ್ಲಾಟು ಮಾರುವವರು ಇರಬೇಕು ಎಂದುಕೊಂಡು ಅವಳು ಕಟ್ ಮಾಡುತ್ತಿದ್ದಳು. ಗೊತ್ತಿರುವವರು ಯಾರೂ ಅವಳಿಗೆ ವಿಡಿಯೋ ಇಲ್ಲದ ಬರೀ ಕರೆ ಮಾಡುವುದಿಲ್ಲ.

ಬುಧವಾರ ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು, ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಗಂಡನಿಗೆ ವಿಡಿಯೋ ಹಚ್ಚಿದಳು. ತಿಪ್ಪೇಶ ಆಗಷ್ಟೇ ತಲೆಯ ಹೊಟ್ಟು ಕೊಡವಿಕೊಂಡು ಬಂದು ಕೂತಿದ್ದ. ಫೋನು ಚಾರ್ಜಿಗಿತ್ತು.

"ಊಟ ಏನು?" ಎಂದು ಅವಳು ಕೇಳಿದಳು.

"ಮುಂಜಾನಿ ಚಿತ್ರಾನ್ನ ಉಳದೈತಿ. ಅದ."

"ಹಳಸಿರ್ತೈತಿ. ಚೆಲ್ಲು."

"ನೀ ಬಂದು ಚೆಲ್ಲು ಬಾ," ಎಂದು ಅವನು ನಕ್ಕ. ನಗುತ್ತಿದ್ದಂತೆಯೇ ಹುಬ್ಬು ಗಂಟಿಕ್ಕಿ ಫೋನಿನತ್ತ ಬಗ್ಗಿದ. ಚಿತ್ರ ಒಮ್ಮೆ ವಾಲಿತು. ಫೋನಿನ ಬೆನ್ನು ಉಬ್ಬಿ ಕಾಲು ಜಾರಿದ್ದು ಅವಳಿಗೆ ಆಮೇಲೆ ಗೊತ್ತಾಯಿತು. ಬೀಳುವುದನ್ನು ಹಿಡಿಯಲು ಅವನು ಬಲಗೈ ಚಾಚಿದ. ಅಂಗೈ ಪರದೆಯ ತುಂಬ ಬಂತು. ಅದರ ಗೆರೆಗಳು ಕಂಡವು, ಗೆರೆಗಳೆಲ್ಲ ಕೆಂಪಾದವು, ಆಮೇಲೆ ಪರದೆ ಕಪ್ಪಾಯಿತು.

ಅವಳು ಮತ್ತೆ ಹಚ್ಚಿದಳು. ಹತ್ತಲಿಲ್ಲ. ಮತ್ತೆ ಹಚ್ಚಿದಳು. ಸಿರುಗುಪ್ಪ ಅಲ್ಲಿ, ತಾನು ಇಲ್ಲಿ, ಯಾರಿಗೆ ಏನು ಹೇಳುವುದು? ಯಾರಿಗೆ ಕರೆ ಮಾಡಿದರೂ ಅವಳ ಕೈ ಆ ಕಡೆ ಕಾಣಬೇಕಲ್ಲ, ಬರೆದು ಕಳಿಸಿದರೆ ಯಾವಾಗ ನೋಡುತ್ತಾರೋ. ಚಪ್ಪಲಿಯಿಲ್ಲದೆ ಪಕ್ಕದ ಮನೆಗೆ ಓಡಿದಳು. ಅಲ್ಲಿ ದುರ್ಗಾದೇವಿ ರೊಟ್ಟಿ ಬಡಿಯುತ್ತಿದ್ದಳು. ಅವಳೂ ಅದೇ ಜೀನ್ಸ್ ಕಾರ್ಖಾನೆಯವಳು, ಗೋಡೆಗೆ ಗೋಡೆ ಹತ್ತಿದ ಮನೆಯವಳು, ಆರು ವರ್ಷದಲ್ಲಿ ಸಾಕಷ್ಟು ಕೈಮಾತು ಕಲಿತಿದ್ದಳು. ಶೀಲಾ ಅವಳ ಹಿಟ್ಟಿನ ಕೈ ಹಿಡಿದು ಎಳೆದು, ಫೋನಿನಲ್ಲಿ ಗಿರಣಿಯ ರಾಮಾಂಜಿನಿಯ ನಂಬರು ತೋರಿಸಿದಳು. ಬೆಂಕಿ ಎಂದಳು. ಗಂಡ ಎಂದಳು. ದುರ್ಗಾದೇವಿಗೆ ಎರಡೇ ಮಾತು ಸಾಕಾಯಿತು.

ರಾಮಾಂಜಿನಿ ಗಿರಣಿಯಲ್ಲಿ ಭತ್ತದ ಚೀಲ ತೂಗಿಸುವವನು. ಅವನು ಕೋಣೆಯ ಬಾಗಿಲು ದೂಡಿದಾಗ ತಿಪ್ಪೇಶ ಹೊಗೆಯ ನಡುವೆ ನೀರಿನ ಕೊಡದಲ್ಲಿ ಕೈ ಅದ್ದಿಕೊಂಡು ಕೂತಿದ್ದನಂತೆ. ಹಾಸಿಗೆ ಸುಟ್ಟು ಕರಿಯಾಗಿತ್ತು. ಕರಗಿದ ಫೋನಿನ ಒಂದು ತುಂಡು ಅಂಗೈಗೆ ಹತ್ತಿಕೊಂಡಿತ್ತು.

ಸಿರುಗುಪ್ಪದ ಆಸ್ಪತ್ರೆಗೆ ಶೀಲಾ ಮತ್ತು ದುರ್ಗಾದೇವಿ ಹೋಗಿ ಮುಟ್ಟಿದಾಗ ಮೊದಲ ಪಟ್ಟಿ ಕಟ್ಟಿಯಾಗಿತ್ತು. ಬಲಗೈ ಮೊಣಕೈ ತನಕ ಬಿಳಿ ಗಂಟು. ಹೆಂಡತಿಯನ್ನು ನೋಡಿ ಅವನು ಏನೋ ಹೇಳಲು ಹೊರಟ, ಗಂಟು ಅಲ್ಲಾಡಿತು ಅಷ್ಟೇ. ಎಡಗೈಯಲ್ಲಿ ಪ್ರಯತ್ನಿಸಿದ. ಅರ್ಧ ಮಾತಿಗೆ ಎರಡು ಕೈ ಬೇಕು. ಅವನ ಮುಖ ನೋಡಿ ಅವಳಿಗೆ ಅಳು ಬರಲಿಲ್ಲ. ನೇರ ಹೊರಗೆ ನಡೆದಳು.

ಹೊರಗೆ ವರಾಂಡದಲ್ಲಿ ರಾಮಾಂಜಿನಿ ತಲೆ ತಗ್ಗಿಸಿ ನಿಂತಿದ್ದ. ದುರ್ಗಾದೇವಿಗೆ ಏನೋ ಹೇಳುತ್ತಿದ್ದ. ಅವನ ತುಟಿಯ ಮೇಲೆ 'ಫೋನು' ಎಂಬುದು, 'ಕಂಪನಿ' ಎಂಬುದು ಶೀಲಾಗೆ ಸಿಕ್ಕವು. ದುರ್ಗಾದೇವಿಯ ಮುಖ ಬದಲಾಯಿತು.

"ಏನಂತಾನ?" ಎಂದು ಶೀಲಾ ಕೇಳಿದಳು.

ದುರ್ಗಾದೇವಿ ಕೈ ಎತ್ತಿ ಇಳಿಸಿದಳು.

"ಮುಚ್ಚಿಡಬ್ಯಾಡ. ಏನಂತಾನ ಹೇಳು."

"ಇವನದೂ ಗೂಳಿನ ಇತ್ತಂತ. ಬ್ಯಾಟರಿ ಉರಿತಾವಂತ ಕಂಪನಿ ಎಲ್ಲಾ ಫೋನು ವಾಪಸ್ ಕರ್ಯಾಕ ಹತ್ತೈತಂತ. ಮಂದಿಗೆಲ್ಲಾ ಫೋನ್ ಮಾಡಿ ಹೇಳ್ಯಾರಂತ. ಇವ ಹೋದ ವಾರ ತನ್ನದು ಕೊಟ್ಟು ಬಂದಾನ."

ಶೀಲಾ ರಾಮಾಂಜಿನಿಯ ಮುಂದೆ ಹೋಗಿ ನಿಂತಳು. ಅವನು ದಿನಾ ತಿಪ್ಪೇಶನ ಜೊತೆ ಕೂತು ಊಟ ಮಾಡುವವನು. ಒಂದೇ ಡಬ್ಬಿಯಿಂದ ಉಪ್ಪಿನಕಾಯಿ ತೆಗೆದುಕೊಳ್ಳುವವನು. ತಿಪ್ಪೇಶನ ಅಂಗಿ ಜೇಬಿನಲ್ಲಿ ಆ ಫೋನನ್ನು ದಿನಾ ನೋಡಿದವನು.

"ನಿನಗ ಗೊತ್ತಿತ್ತು," ಎಂದಳು. ದುರ್ಗಾದೇವಿ ಬಾಯಲ್ಲಿ ಹೇಳಿದಳು.

"ಅಕ್ಕಾ, ಎಲ್ರಿಗೂ ಫೋನ್ ಬಂದೈತಿ ಅಂದ್ರ ಅವಂಗೂ ಬಂದಿರ್ತೈತಿ ಅನ್ಕಂಡೆ ನಾನು."

"ಬಂದಿತ್ತು. ಬಂದ್ರ ಅವಂಗ ಕೇಳತಿತ್ತೇನು?"

ರಾಮಾಂಜಿನಿ ಗೋಡೆಯ ಕಡೆ ಸರಿದ. "ಅದು ಲಕ್ಷ್ಯಕ್ಕ ಬರಲಿಲ್ಲಕ್ಕ," ಎಂದ. "ಅವ ನಮ್ಮಂಗ ಇರ್ತಾನ. ಕಿವಿ ಕೇಳಂಗಿಲ್ಲ ಅನ್ನೋದು ಮರ್ತು ಹೋಗಿರ್ತೈತಿ."

ದುರ್ಗಾದೇವಿ ಅದನ್ನು ಕೈಗೆ ಇಳಿಸಿದಳು. ಶೀಲಾ ಅವನ ಅಂಗಿಯ ಎದೆ ಹಿಡಿದು ಗೋಡೆಗೆ ಒತ್ತಿದಳು. ನರ್ಸು ಓಡಿ ಬಂದು ಬಿಡಿಸಿದಳು.

ಮರುದಿನ ತಿಪ್ಪೇಶನನ್ನು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ತಂದರು. ತೊಡೆಯ ಚರ್ಮ ತೆಗೆದು ಅಂಗೈಗೆ ಹಚ್ಚಬೇಕು, ಆದರೂ ಎರಡು ಬೆರಳು ಮಡಚುವುದು ಸಂಶಯ ಎಂದು ಡಾಕ್ಟರು ಚೀಟಿಯಲ್ಲಿ ಬರೆದು ತೋರಿಸಿದರು. ಅಂಗೈ ಹೋದರೆ ಬೇರೆಯವರಿಗೆ ಕೆಲಸ ಕಷ್ಟ. ಇವನಿಗೆ ಕೆಲಸದ ಜೊತೆ ಮಾತೂ ಹೋಗುತ್ತದೆ. ಅದನ್ನು ಡಾಕ್ಟರಿಗೆ ಬರೆದು ತೋರಿಸಬೇಕೆಂದು ಪೆನ್ನು ತೆಗೆದುಕೊಂಡವಳು, ಬರೆಯದೆ ಹಿಂದಕ್ಕೆ ಕೊಟ್ಟಳು.

ಆ ಸಂಜೆ ದುರ್ಗಾದೇವಿಯ ಫೋನು ಇಸಿದುಕೊಂಡು ಒಂದು ವಿಡಿಯೋ ಮಾಡಿ ಗುಂಪಿಗೆ ಹಾಕಿದಳು. ಗಂಡನ ಪಟ್ಟಿ ಕಟ್ಟಿದ ಕೈ ತೋರಿಸಿದಳು. "ಗೂಳಿ ಇದ್ದೋರೆಲ್ಲಾ ಕೇಳ್ರಿ. ಚಾರ್ಜಿಗೆ ಹಾಕಬ್ಯಾಡ್ರಿ, ಜೋಬಿನ್ಯಾಗ ಇಟ್ಕೋಬ್ಯಾಡ್ರಿ. ಉಸುಕಿನ್ಯಾಗ ಇಡ್ರಿ. ಹದಿನೈದು ದಿನದಿಂದ ನಮ್ಮ ಫೋನು ಮಿಂಚಿದ್ದು ಇದನ್ನ ಹೇಳಾಕ. ನಮಗ ತಿಳೀಲಿಲ್ಲ, ತಿಳಿದೋರು ಯಾರೂ ನಮಗ ಹೇಳಲಿಲ್ಲ. ಸೋಮವಾರ ಬೆಂಗಳೂರು ರಸ್ತೆಯ ಸರ್ವಿಸ್ ಸೆಂಟರಿಗೆ ಬರ್ರಿ. ಕೂಡಿ ಕೇಳೋಣು."

ಉತ್ತರಗಳು ಬಂದವು. ಎಲ್ಲವೂ ಅವಳು ಎಣಿಸಿದಂತಿರಲಿಲ್ಲ. ತಾವೂ ಆ ಕರೆ ಕಟ್ ಮಾಡಿದೆವು ಎಂದು ಹಲವರು ಹೇಳಿದರು. ತಮ್ಮದು ಒಮ್ಮೆಯೂ ಬಿಸಿಯಾಗಿಲ್ಲ, ಯಾಕೆ ಕೊಡಬೇಕು ಎಂದು ಕೆಲವರು ಕೇಳಿದರು. ಕುರುಗೋಡಿನ ಬಡಗಿ ಮರಿಬಸಪ್ಪ ಅವರಲ್ಲೆಲ್ಲ ಹಿರಿಯ. ಅರವತ್ತು ದಾಟಿದ ಅವನಿಗೆ ಓದು ಬರಹ ಬಾರದು, ಈ ಫೋನು ಬರುವ ತನಕ ಊರ ಹೊರಗಿನ ಯಾರೊಂದಿಗೂ ಮಾತಾಡಿದವನಲ್ಲ. ಅವನ ವಿಡಿಯೋದಲ್ಲಿ ಕೈಗಳು ಗಾಳಿ ಸೀಳುತ್ತಿದ್ದವು.

"ಇದನ್ನ ಕೊಟ್ರ ನಾ ಯಾರ ಜೋಡಿ ಮಾತಾಡಲಿ? ಬಾಗಿಲ ಜೋಡಿ ಮಾತಾಡಲೇನು? ನಿನ್ನ ಗಂಡನ ಕೈ ಸುಟ್ಟೈತಿ ಅಂತ ನನ್ನ ಬಾಯಿ ಕಿತ್ಕೋಬ್ಯಾಡ."

ಅದನ್ನು ನೋಡಿ ಶೀಲಾ ಫೋನನ್ನು ಮಂಚದ ಮೇಲೆ ಎಸೆದಳು. ಆಮೇಲೆ ಎತ್ತಿಕೊಂಡು, "ಸುಡು, ಹಂಗಾರ. ಮನಿ ಸುಡು," ಎಂದು ಅವನಿಗೆ ವಿಡಿಯೋ ಕಳಿಸಿದಳು. ಹಿರಿಯನಿಗೆ ಹಾಗೆ ಅಂದದ್ದು ತಪ್ಪು ಎಂದು ತಿಪ್ಪೇಶ ಎಡಗೈಯಲ್ಲಿ ಸನ್ನೆ ಮಾಡಿದ. ಅವಳು ಮುಖ ತಿರುಗಿಸಿ ಕೂತಳು.

ಸೋಮವಾರ ಸರ್ವಿಸ್ ಸೆಂಟರಿನ ಗಾಜಿನ ಬಾಗಿಲ ಮುಂದೆ ಇಪ್ಪತ್ತಕ್ಕೂ ಮೇಲೆ ಜನ ಸೇರಿದ್ದರು. ಸಿರುಗುಪ್ಪ ಕಡೆಯ ಕರೂರಿನಿಂದ ಕೂಲಿ ಬಿಟ್ಟು ಬಂದ ಗಂಡಹೆಂಡಿರಿದ್ದರು, ಕೌಲ್ ಬಜಾರಿನ ಇಸ್ತ್ರಿಯವನಿದ್ದ. ಮರಿಬಸಪ್ಪನೂ ಬಂದಿದ್ದ. ಫೋನನ್ನು ಒದ್ದೆ ಟವೆಲಿನಲ್ಲಿ ಸುತ್ತಿ, ಉಸುಕು ತುಂಬಿದ ಪೇಂಟಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದ. ಶೀಲಾಳನ್ನು ನೋಡಿಯೂ ನೋಡದವನಂತೆ ನಿಂತ.

ಒಳಗೆ ತಣ್ಣಗೆ ಎಸಿ. ಕೌಂಟರಿನ ಹಿಂದೆ ಮ್ಯಾನೇಜರ್ ಚನ್ನಬಸವರಾಜ ಇಸ್ತ್ರಿ ಮುರಿಯದ ಅಂಗಿಯಲ್ಲಿ ಕೂತಿದ್ದ. ಹುಬ್ಬಿನ ನಡುವೆ ವಿಭೂತಿ. ಮಾತು ಮೆತ್ತಗೆ. ಫೋನುಗಳನ್ನು ಕೊಟ್ಟರೆ ಹತ್ತು ದಿನದಲ್ಲಿ ಬೇರೆ ಫೋನು ಬರುತ್ತದೆ ಎಂದು ಹೇಳಿ, ಒಂದು ಮಾದರಿ ತೆಗೆದು ತೋರಿಸಿದ. ತೆಳ್ಳಗಿತ್ತು, ಚಂದವಿತ್ತು. ಬೆನ್ನಿಗೆ ಕಾಲಿರಲಿಲ್ಲ. ಶೀಲಾ ಅದನ್ನು ತೆಗೆದುಕೊಂಡು ಕ್ಯಾಮೆರಾ ಹಚ್ಚಿ ನೋಡಿದಳು. ಮುಖ ಬಂತು, ಕೈಗಳು ಚೌಕಟ್ಟಿನ ಹೊರಗೆ ಉಳಿದವು.

"ಇದರಾಗ ನಾವು ಮೂಗರು," ಎಂದಳು. ದುರ್ಗಾದೇವಿ ಪಕ್ಕದಲ್ಲಿ ನಿಂತು ಬಾಯಿಮಾತಿಗೆ ತಿರುಗಿಸುತ್ತಿದ್ದಳು. "ಅದು ಆಮ್ಯಾಲ. ಮೊದಲು ನನ್ನ ಗಂಡನ ಮಾತು ಹೇಳ್ರಿ. ನೀವು ಅವಂಗ ಯಾಕ ತಿಳಿಸಲಿಲ್ಲ?"

ಚನ್ನಬಸವರಾಜ ಕಂಪ್ಯೂಟರಿನಲ್ಲಿ ನಂಬರು ಒತ್ತಿ ನೋಡಿದ. ಮುಖದಲ್ಲಿ ಸಮಾಧಾನ ಕಂಡಿತು. "ತಿಳಿಸೀವ್ರಿ. ಭಾಳ ಸರ್ತಿ ರೆಕಾರ್ಡಿಂಗ್ ಕಾಲ್ ಹೋಗ್ಯಾವ. ಮೂರು ಸರ್ತಿ ಅವರು ಎತ್ಯಾರ. ಪೂರ್ತಿ ಕೇಳ್ಯಾರ ಅಂತ ಐತಿ ಇಲ್ಲಿ, ನೋಡ್ರಿ."

ದುರ್ಗಾದೇವಿ ಇದನ್ನು ಹೇಳಿ ಮುಗಿಸಿದಾಗ ಶೀಲಾ ತನ್ನ ಹಿಂದಿದ್ದವರ ಕಡೆ ತಿರುಗಿ ಅದನ್ನೇ ಮತ್ತೊಮ್ಮೆ ದೊಡ್ಡದಾಗಿ ಹೇಳಿದಳು, ಎಲ್ಲರಿಗೂ ಕಾಣಲಿ ಎಂದು. ಪೂರ್ತಿ ಕೇಳ್ಯಾನಂತ. ಆಮೇಲೆ ಕೌಂಟರಿನ ಕಡೆ ತಿರುಗಿದಳು.

"ಮಿಂಚಿತು ಅಂತ ಎತ್ಯಾನ. ಮಾರಿ ಕಾಣಲಿಲ್ಲ. ಹಂಗ ಜೋಬಿನ್ಯಾಗ ಇಟ್ಕಂಡಾನ. ಕಿವಿ ಇಲ್ಲದವನ ಜೋಬಿನ್ಯಾಗ ನಿಮ್ಮ ಟೇಪು ಒದರೈತ್ರಿ. ಅದಕ್ಕ ನೀವು ಕೇಳ್ಯಾನ ಅಂತ ಬರ್ಕೊಂಡೀರಿ."

"ಅಮ್ಮ, ನಮಗೇನ್ ಗೊತ್ತು, ಅವರಿಗೆ ಕಿವಿ ಕೇಳಂಗಿಲ್ಲ ಅಂತ?"

"ಮೆಸೇಜ್ ಬರ್ದು ಕಳಿಸಿದ್ರ ಆಗತಿತ್ತಲ್ಲ. ನನಗ ಓದಾಕ ಬರತೈತಿ, ಅವಂಗ ಬರತೈತಿ. ಫೋನು ಮಾರಾಕ ದಿನಾ ನಾಲ್ಕು ಮೆಸೇಜ್ ಕಳಸ್ತೀರಿ. ಫೋನು ಸುಡತೈತಿ ಅನ್ನಾಕ ಒಂದು ಇಲ್ಲ."

ಬರೆದದ್ದು ಪತ್ರಿಕೆಯವರ ಕೈಗೆ ಹೋಗುತ್ತದೆಂದು ಮೇಲಿನವರು ಮೆಸೇಜು ಬೇಡವೆಂದಿದ್ದರು ಎಂಬುದು ಆಮೇಲೆ ಅವನೇ ದುರ್ಗಾದೇವಿಯ ಹತ್ತಿರ ಮೆಲ್ಲಗೆ ಹೇಳಿದ ಮಾತು. ಆಗ ಮಾತ್ರ ಅವನು ಕೌಂಟರಿನ ಮೇಲಿನ ಒಂದು ಕಾರ್ಡು ತಳ್ಳಿದ. "ಇಲ್ಲಿ ಒಂದು ನಂಬರ್ ಐತ್ರಿ. ಇದಕ್ಕ ಫೋನ್ ಹಚ್ಚಿ ನಿಮ್ಮ ತಕರಾರು ಹೇಳ್ರಿ. ಅವರಾ ನೋಡ್ಕೋತಾರ."

ದುರ್ಗಾದೇವಿ ಅದನ್ನು ಕೈಗೆ ಇಳಿಸಲೇ ಇಲ್ಲ. "ಸಾರ್, ನಿಮಗ ಬುದ್ಧಿ ಐತೇನ್ರಿ?" ಎಂದು ತಾನೇ ಕೇಳಿಬಿಟ್ಟಳು.

ಶೀಲಾ ಕಾರ್ಡು ಓದಿದಳು. ನೆಲದ ಮೇಲೆ ಕೂತಳು. ಅವಳು ಕೂತದ್ದು ನೋಡಿ ಕರೂರಿನವರು ಕೂತರು, ಇಸ್ತ್ರಿಯವನು ಕೂತ, ಎಲ್ಲರೂ ಕೂತರು. ಮರಿಬಸಪ್ಪ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಿಗೆ ಅಡ್ಡ ಕೂತ. ಬೇರೆ ಗಿರಾಕಿಗಳು ಹೊರಗೇ ನಿಂತರು. ಮಧ್ಯಾಹ್ನವಾಯಿತು. ಸೆಕ್ಯೂರಿಟಿಯವನು ಏಳಿರಿ ಎಂದು ಕೈ ಬೀಸಿದ, ಯಾರೂ ಅವನ ಕಡೆ ನೋಡಲಿಲ್ಲ. ನೋಡದಿದ್ದರೆ ಇವರಿಗೆ ಹೇಳುವುದು ಹೇಗೆಂದು ಅವನಿಗೂ ಗೊತ್ತಿರಲಿಲ್ಲ.

ಕೊನೆಗೆ ಚನ್ನಬಸವರಾಜ ಮೇಲಿನ ಸಾಹೇಬರಿಗೆ ಫೋನು ಹಚ್ಚಿದ. ಬಹಳ ಹೊತ್ತು ಮಾತಾಡಿದ. ಆಮೇಲೆ ಫೋನನ್ನು ಶೀಲಾಳ ಮುಂದೆ ಹಿಡಿದು, ದುರ್ಗಾದೇವಿಗೆ, "ಸಾಹೇಬ್ರು ಅವರ ಜೋಡಿ ಮಾತಾಡ್ತಾರಂತ. ನೀವು ಹೇಳ್ರಿ ಪರವಾಗಿಲ್ಲ," ಎಂದ.

ದುರ್ಗಾದೇವಿ ಕೈ ಚಾಚಿದಳು. ಅದಕ್ಕೆ ಮುಂಚೆ ಶೀಲಾ ಎದ್ದು ಫೋನು ಕಸಿದುಕೊಂಡಳು.

ಅವಳಿಗೆ ಗಂಟಲಿತ್ತು. ಕುರುಗೋಡಿನ ಶಾಲೆಯಲ್ಲಿ ಟೀಚರೊಬ್ಬರು ಅವಳ ಪುಟ್ಟ ಕೈಯನ್ನು ತಮ್ಮ ಗಂಟಲ ಮೇಲಿಟ್ಟು ಕೆಲವು ಶಬ್ದ ಕಲಿಸಿದ್ದರು. ಅವಳು ಅವನ್ನು ಅನ್ನುವಾಗ ಉಳಿದ ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಮನೆಯಲ್ಲಿ ಅವ್ವ ತುಟಿಯ ಮೇಲೆ ಬೆರಳಿಟ್ಟು ಬೇಡವೆಂದಳು. ಅಂದಿನಿಂದ ಅವಳು ಹೆರಿಗೆಯ ನೋವಲ್ಲೂ, ಹುಟ್ಟಿದ ಕೂಸು ಉಳಿಯದೆ ಹೋದಾಗಲೂ ಬಾಯಿ ಬಿಟ್ಟವಳಲ್ಲ.

ಈಗ ಬಿಟ್ಟಳು. 'ಕೈ' ಎಂದಳು. ಅದು ಕೈ ಎಂದು ಕೇಳಿಸಿತೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಎದೆಯ ಗೂಡು ನಡುಗಿದ್ದು ಗೊತ್ತಾಯಿತು, ಗಂಟಲು ಸುಟ್ಟ ಹಾಗಾದದ್ದು ಗೊತ್ತಾಯಿತು. ಚನ್ನಬಸವರಾಜ ಒಂದು ಹೆಜ್ಜೆ ಹಿಂದೆ ಸರಿದ. ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡಳು. ಶೀಲಾ ನಿಲ್ಲಿಸಲಿಲ್ಲ, ಉಸಿರು ಎಳೆದುಕೊಂಡು ಮತ್ತೆ ಅದನ್ನೇ ಅಂದಳು, ಮತ್ತೆ ಅಂದಳು. ಕಾಲ ಕೆಳಗೆ ನೆಲ ಅದುರಿತು. ತಿರುಗಿ ನೋಡಿದರೆ ಕೂತವರೆಲ್ಲ ಎದ್ದಿದ್ದರು, ಎಲ್ಲರ ಬಾಯಿ ತೆರೆದಿತ್ತು, ಎಲ್ಲರ ಕುತ್ತಿಗೆಯ ನರ ಉಬ್ಬಿದ್ದವು. ಮರಿಬಸಪ್ಪ ಡಬ್ಬಿಯನ್ನು ನೆಲಕ್ಕೆ ಕುಟ್ಟುತ್ತಿದ್ದ, ಆ ಪೆಟ್ಟು ಅವಳ ಪಾದಕ್ಕೆ ತಾಗುತ್ತಿತ್ತು. ಕೂಗಿದವರಲ್ಲಿ ಯಾರಿಗೂ ಆ ಕೂಗು ಕೇಳಲಿಲ್ಲ. ರಸ್ತೆಯ ಆಚೆಯ ಚಹಾದಂಗಡಿಯವನು ಸೌಟು ಹಿಡಿದುಕೊಂಡೇ ಓಡಿ ಬಂದು ಗಾಜಿಗೆ ಮುಖ ಹಚ್ಚಿ ನಿಂತ. ಅವನ ಹಿಂದೆ ಜನ ಸೇರಿದರು. ಆಟೋಗಳು ನಿಂತವು.

ಸಾಕೆನಿಸಿದಾಗ ಶೀಲಾ ಫೋನನ್ನು ಚನ್ನಬಸವರಾಜನ ಕೈಗೆ ಕೊಟ್ಟಳು. "ಪೂರ್ತಿ ಕೇಳ್ಯಾರೇನು, ಕೇಳು," ಎಂದು ಕೈಯಲ್ಲಿ ಹೇಳಿದಳು.

ಅವನು ಕಿವಿಗೆ ಹಿಡಿದ. ಆ ಕಡೆ ಇನ್ನೂ ಇದ್ದರು.

ಅಂದೇ ಸಂಜೆ ಗೂಳಿ ಇದ್ದ ಪ್ರತಿಯೊಬ್ಬರ ಫೋನಿಗೂ ಕನ್ನಡದಲ್ಲಿ ಮೆಸೇಜು ಬಂತು. ಮೂರನೆಯ ದಿನ ಕೈಮಾತು ಬಲ್ಲವರೊಬ್ಬರ ವಿಡಿಯೋ ಬಂತು. ಆಸ್ಪತ್ರೆಗೆ ಕಂಪನಿಯ ಇಬ್ಬರು ಬಂದರು. ತಿಪ್ಪೇಶನ ಔಷಧಿ, ಆಪರೇಷನ್ ಎಲ್ಲ ತಾವು ನೋಡಿಕೊಳ್ಳುವುದಾಗಿ ಬರೆದುಕೊಟ್ಟರು. ಜೊತೆಗೆ, ಕಂಪನಿ ತನ್ನ ಬೆನ್ನಿಗೆ ನಿಂತಿದೆ ಎಂದು ಶೀಲಾ ಕ್ಯಾಮೆರಾದ ಮುಂದೆ ಎರಡು ಮಾತು ಆಡಿದರೆ ಚೆನ್ನ ಎಂದೂ ಬರೆದು ತೋರಿಸಿದರು. ಅವಳು ಬಾಗಿಲು ತೋರಿಸಿದಳು. ಬದಲಿ ಫೋನು ಮಾತ್ರ ಕಾಲಿಲ್ಲದ್ದೇ ಬಂತು. ಅದಕ್ಕೆ ಎಷ್ಟು ಜಗಳಾಡಿದರೂ ಬೇರೆಯದು ಸಿಗಲಿಲ್ಲ. ಮರಿಬಸಪ್ಪ ಗೂಳಿಯನ್ನು ಕೊಟ್ಟ, ಆದರೆ ಆ ದಿನದಿಂದ ಶೀಲಾಳ ವಿಡಿಯೋಗಳಿಗೆ ಉತ್ತರ ಕೊಡುವುದನ್ನು ಬಿಟ್ಟ.

ಚರ್ಮ ಹಚ್ಚಿದ ಮೇಲೆ ಒಂದು ಭಾನುವಾರ ರಾಮಾಂಜಿನಿ ಬಾಳೆಹಣ್ಣು ಹಿಡಿದುಕೊಂಡು ವಾರ್ಡಿಗೆ ಬಂದ. ತಿಪ್ಪೇಶ ಅವನನ್ನು ಕಂಡು ಅರಳಿದ, ಎಡಗೈಯಲ್ಲಿ ಬಾ ಬಾ ಎಂದು ಕರೆದ. ಶೀಲಾ ಎದ್ದು ನಿಂತಳು. ರಾಮಾಂಜಿನಿ ಕೈ ಮುಗಿದ. "ತಪ್ಪಾತಕ್ಕ," ಎಂದದ್ದು ಅವನ ತುಟಿಯಲ್ಲಿ ಕಂಡಿತು. ಅವಳು ತಲೆ ಅಲ್ಲಾಡಿಸಿದಳು. ಅದು ಅವಳಿಗೆ ಬೇಕಿರಲಿಲ್ಲ. ಹಣ್ಣು ಕಸಿದು ಪಕ್ಕಕ್ಕಿಟ್ಟು, ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಅವನ ಎರಡೂ ಕೈ ಹಿಡಿದು ಮೇಲೆತ್ತಿದಳು. ಬೆರಳು ಬಿಡಿಸಿ, ಅಲುಗಿಸಿ, ಮೇಲಕ್ಕೆ ಎಳೆದು ತೋರಿಸಿದಳು. ಬೆಂಕಿ.

ರಾಮಾಂಜಿನಿ ಸುತ್ತಮುತ್ತ ನೋಡಿದ. ಪಕ್ಕದ ಮಂಚದವರು ನೋಡುತ್ತಿದ್ದರು. ನಾಚಿಕೊಂಡು ಕೈ ಅಲ್ಲಾಡಿಸಿದ. ತಿಪ್ಪೇಶನಿಗೆ ನಗು ತಡೆಯಲಾಗಲಿಲ್ಲ, ಹೊಲಿಗೆ ಎಳೆಯುವಷ್ಟು ನಕ್ಕ. ಶೀಲಾ ನಗಲಿಲ್ಲ. ರಾಮಾಂಜಿನಿಯ ಮಣಿಕಟ್ಟಿಗೆ ಒಂದು ಏಟು ಹಾಕಿದಳು. ತಪ್ಪು. ಮತ್ತ ಮಾಡು.

ಅವನು ಮತ್ತೆ ಮಾಡಿದ.

ಅವಳು ಮುಂದಿನದನ್ನು ತೋರಿಸಿದಳು. ಅಪಾಯ. ಆಮೇಲಿನದು, ದೂರ ಎಸೆ. ನರ್ಸು ಬಂದು ಹೊತ್ತಾಯಿತೆಂದು ಹೇಳುವ ತನಕ ಅವನನ್ನು ಏಳಗೊಡಲಿಲ್ಲ.